ಹಿಮಕ್ಕೆ ಕಾದ ರಜೆ

ನಮ್ಮ ಕಡೆಯಿಂದ ಕಾಶ್ಮೀರಕ್ಕೆ ಹೊರಡುವ ಹೆಚ್ಚಿನ ಪ್ಯಾಕೇಜ್ ಟೂರುಗಳಲ್ಲಿ ಗುಲ್ಮಾರ್ಗ್ ಎಂದರೆ ಒಂದು ಹಗಲು. ಬೆಳಿಗ್ಗೆ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದಾರಿ ಹತ್ತಬೇಕು, ಗೊಂಡೋಲಾ ಎಂಬ ಕೇಬಲ್ ಕಾರಿನ ಸರದಿಯಲ್ಲಿ ನಿಲ್ಲಬೇಕು, ಮೇಲೆ ಹೋಗಿ ಹಿಮದಲ್ಲಿ ಫೋಟೊ ತೆಗೆಸಿಕೊಳ್ಳಬೇಕು, ಬಾಡಿಗೆ ಬೂಟು ಕೋಟು ಮರಳಿಸಿ ಕತ್ತಲಾಗುವುದರೊಳಗೆ ದಾಲ್ ಸರೋವರದ ದಂಡೆ ಸೇರಬೇಕು. ಸ್ಕೀಯಿಂಗ್ ಬೇಕೆಂದವರಿಗೆ ಅದು 'ನಿಮ್ಮ ಸ್ವಂತ ಖರ್ಚಿನಲ್ಲಿ'. ಅರ್ಧ ಗಂಟೆ ಕಾಲಿಗೆ ಹಲಗೆ ಕಟ್ಟಿಸಿಕೊಂಡು, ಯಾರದೋ ಹೆಗಲು ಹಿಡಿದು ನಾಲ್ಕು ಮಾರು ಜಾರಿದರೆ ಮುಗಿಯಿತು. ಏಷ್ಯಾದಲ್ಲೇ ಹೆಸರಾದ ಇಳಿಜಾರಿಗೆ ಅಷ್ಟು ದೂರದಿಂದ ಹೋಗಿ, ಅಲ್ಲಿ ಒಂದು ರಾತ್ರಿಯೂ ಮಲಗದೆ ಬರುವುದು ದುಡ್ಡಿಗೂ ದೇಹಕ್ಕೂ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಮಾಸ್ತರರ ಮನೆಯಲ್ಲಿ ಸ್ಕೀ ಕಲಿಯುವ ಮಾತು ಶುರುವಾದದ್ದು ಅವರ ಮಗಳಿಂದ. ಆಕೆ ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ನೌಕರಿ ಮಾಡುತ್ತಾಳೆ. 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ತೆಕ್ಕಡ ಭವಾನಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಕಾಫಿ ತೋಟದ ನಾಡಿನ ಹುಡುಗಿಗೆ ಆಗುವುದು ಹತ್ತಿ, ಗೋವಿನಜೋಳದ ನಾಡಿನವಳಿಗೆ ಯಾಕಾಗಬಾರದು ಎಂಬುದು ಅವಳ ವಾದ. ಪದಕದ ಆಸೆ ಅವಳಿಗಿರಲಿಲ್ಲ. ಯಾರ ಹೆಗಲೂ ಹಿಡಿಯದೆ ಒಂದು ಇಳಿಜಾರು ಇಳಿಯಬೇಕು, ಅಷ್ಟೇ.

ಶಿಗ್ಗಾಂವಿ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ್ ಸುಮಾರು 2,650 ಮೀಟರ್. ಬೆಂಡಿಗೇರಿಯಲ್ಲಿ ಥಂಡಿ ಎಂದರೆ ಎಳ್ಳಮಾಸಿ ಹೊತ್ತಿಗೆ ಕೌದಿಯೊಳಗಿಂದ ಏಳಲು ಬೇಸರವಾಗುವಷ್ಟು. "ಅಲ್ರೀ, ಬರ್ಫದಾಗ ಬೀಳಾಕ ಅಷ್ಟು ದೂರ ಹೋಗಬೇಕೇನ್ರಿ?" ಎಂದು ಕಟ್ಟೆಯ ಮೇಲಿನವರು ಕೇಳಿದಾಗ ಮಾಸ್ತರರು ಸಿಟ್ಟಾಗಲಿಲ್ಲ. ಭೂಗೋಳ ಕಲಿಸಿದ ಮನುಷ್ಯ. ನಕಾಶೆ ಹಾಸಿ ಕೂತರು. ಅವರ ಹಳೆಯ ವಿದ್ಯಾರ್ಥಿಯಾದ ನನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು.

ಮೊದಲು ಎದುರಾದದ್ದು ಉತ್ತರಾಖಂಡದ ಔಲಿ. ಹುಲ್ಲುಗಾವಲಿನ ಚೆಲುವಾದ ಇಳಿಜಾರು. ಆದರೆ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತುಹೋಗಿತ್ತು. ಮನಾಲಿ ಹತ್ತಿರದ ಸೋಲಂಗ್ ಕಣಿವೆಯ ಗದ್ದಲ ಮಾಸ್ತರರಿಗೆ ಒಗ್ಗದ ಮಾತು. ಕೊನೆಗೆ ಗುಲ್ಮಾರ್ಗ್ ಉಳಿಯಿತು. ಅದಕ್ಕೆ ಮಾಸ್ತರರು ಕೊಟ್ಟ ಕಾರಣ ನನಗೆ ಹೊಸದು. 1948ರ ಡಿಸೆಂಬರಿನಲ್ಲಿ, ಕಾಶ್ಮೀರದ ಯುದ್ಧ ಮುಗಿಯುವ ಹೊತ್ತಿಗೆ, ಗುಲ್ಮಾರ್ಗ್‌ನಲ್ಲಿ ಸೈನಿಕರಿಗಾಗಿ ಸ್ಕೀ ಶಾಲೆ ತೆರೆದವರು 19ನೇ ಡಿವಿಷನ್ನಿನ ಮುಖ್ಯಸ್ಥ, ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಅದೇ ಶಾಲೆ ಬೆಳೆದು 1962ರಿಂದ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಬ್ರಿಟಿಷರು 1927ರಲ್ಲೇ ಅಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. ಅದು ಅವರ ರಜೆಯ ಮಜಾ. ಕನ್ನಡ ನಾಡಿನವನೊಬ್ಬ ಅದೇ ಇಳಿಜಾರಿನಲ್ಲಿ ಪಾಠಶಾಲೆ ಇಟ್ಟ ಎಂಬುದು ಮಾಸ್ತರರಿಗೆ ಸಾಕಾಯಿತು.

ಯೋಜನೆ ಹೀಗಿತ್ತು: 2025ರ ಫೆಬ್ರವರಿ 22ರಿಂದ ಗುಲ್ಮಾರ್ಗ್‌ನಲ್ಲಿ ಆ ವರ್ಷದ ಖೇಲೋ ಇಂಡಿಯಾ ಕೂಟ, ಅದನ್ನು ನೋಡುವುದು, ಅಲ್ಲೇ ಉಳಿದು ಕಲಿಯುವುದು. ರಜೆ ಬರೆದದ್ದಾಯಿತು, ಟಿಕೆಟ್ ತೆಗೆದದ್ದಾಯಿತು. ಕೂಟವೇ ಮುಂದಕ್ಕೆ ಹೋಯಿತು. ಸಾಕಷ್ಟು ಹಿಮವಿಲ್ಲ.

ಹಿಂದಿನ ವರ್ಷದ ಜನವರಿಯಲ್ಲೂ ಗುಲ್ಮಾರ್ಗ್ ಒಣಗಿದ ಕಂದು ಹುಲ್ಲಿನಿಂದ ಕೂಡಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಕಾಶ್ಮೀರದ ಹಿಮ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ಚಳಿಗಾಲದ ಮಾರುತಗಳ ಮೇಲೆ ನಿಂತಿದೆ. ಅವು ಬಲಹೀನವಾದರೆ, ಇಲ್ಲವೆ ದಾರಿ ತಪ್ಪಿ ಉತ್ತರಕ್ಕೆ ಸರಿದರೆ, ಕಣಿವೆ ಬರಿದು. ಅಲ್ಲಿಯವರು ಚಳಿಗಾಲವನ್ನು ಹೆಸರಿಟ್ಟು ಎಣಿಸುತ್ತಾರೆ: ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಹತ್ತು ದಿನ ಚಿಲ್ಲೈ ಬಚ್ಚ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆ ಎಣಿಸಿ ಬಿತ್ತುವ ಬೆಂಡಿಗೇರಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಮೃಗಶಿರಾ ಕೈಕೊಟ್ರ ಏನ್ ಮಾಡ್ತೀವಿ? ಕಾಯ್ತೀವಿ," ಎಂದರು ಮಾಸ್ತರರು. ಕಾಯಲಾಗದ್ದು ಬ್ಯಾಂಕಿಗೆ. ಮಾರ್ಚ್ ಎಂದರೆ ವರ್ಷಾಂತ್ಯದ ಲೆಕ್ಕ. ಫೆಬ್ರವರಿಯ ಕೊನೆಯಲ್ಲಿ ಹಿಮ ಜೋರಾಗಿ ಸುರಿಯಿತು, ಕೂಟ ಮಾರ್ಚ್ 9ರಿಂದ 12ರವರೆಗೆ ಎಂದಾಯಿತು. ಆಕೆ ಆ ವಾರಕ್ಕೆ ರಜೆ ಹೇಗೆ ಗಿಟ್ಟಿಸಿದಳೋ, ಅದಕ್ಕಾಗಿ ಎಷ್ಟು ಭಾನುವಾರ ಕೌಂಟರಿನ ಹಿಂದೆ ಕೂತಳೋ, ಅವಳಿಗೇ ಗೊತ್ತು.

ಮಾಸ್ತರರು, ಅವರ ಹೆಂಡತಿ ಅಮ್ಮಾರು, ಮಗಳು, ನಾನು ಹೊರಟೆವು: ಹುಬ್ಬಳ್ಳಿಯಿಂದ ದಿಲ್ಲಿಗೆ ಸಂಪರ್ಕ ಕ್ರಾಂತಿ, ದಿಲ್ಲಿಯಿಂದ ಶ್ರೀನಗರಕ್ಕೆ ವಿಮಾನ.

ಗುಲ್ಮಾರ್ಗ್ ದಾರಿಯ ಟಂಗ್‌ಮಾರ್ಗ್‌ನಲ್ಲಿ ತಕರಾರು ಶುರು. ಹಿಮದ ದಿನಗಳಲ್ಲಿ ಅಲ್ಲಿಂದ ಮೇಲಿನ ಹದಿಮೂರು ಕಿಲೋಮೀಟರಿಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು, ಅದು ಸರಿ. ಆದರೆ ಗಾಡಿ ನಿಂತ ಕೂಡಲೇ ಬೂಟು, ಕೋಟು, ಗೈಡು ಎಂದು ಹತ್ತು ಕೈ ಬಾಗಿಲು ಹಿಡಿಯುತ್ತವೆ. ಬೆಲೆ ಎಂಬುದು ಪ್ರವಾಸಿಯ ಮುಖ ನೋಡಿ ಹುಟ್ಟುತ್ತದೆ. ಇದಕ್ಕೆ ನಾವೂ ಕಾರಣ: ಒಂದೇ ಹಗಲಿಗೆ ಬಂದು ಹೋಗುವವನಿಗೆ ವಿಚಾರಿಸಲು ಪುರಸೊತ್ತಿಲ್ಲ, ಮಾರುವವನಿಗೆ ಅವನು ಮತ್ತೆ ಸಿಗುವುದಿಲ್ಲ. ಉಳಿಯಲು ಬಂದವರು ಎಂದು ಗೊತ್ತಾದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಇನ್ನೊಂದು ಸಂಗತಿ ಹೊರಡುವ ಮುನ್ನವೇ ತಿಳಿದಿರಬೇಕು: ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ.

ಗುಲ್ಮಾರ್ಗ್‌ನ ಗೊಂಡೋಲಾ ಎರಡು ಹಂತದ್ದು. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್‌ಡೂರಿಗೆ ಒಯ್ಯುತ್ತದೆ. 2005ರ ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ. ಮೇಲಿನ ಇಳಿಜಾರು ಪಳಗಿದವರದು. ಅಲ್ಲಿ ಹಿಮವನ್ನು ಯಂತ್ರ ಸವರಿ ಹದಮಾಡಿರುವುದಿಲ್ಲ. ಹಿಮಕುಸಿತದಲ್ಲಿ ಹೂತರೆ ಪತ್ತೆಗೆ ಸಿಗುವಂತೆ ಮೈಮೇಲೆ ಸಂಕೇತಯಂತ್ರ, ಬೆನ್ನಿಗೆ ಸಲಿಕೆ ಇಟ್ಟುಕೊಂಡೇ ಹೋಗಬೇಕು. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷದ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಆ ಬೆಟ್ಟದಲ್ಲಿ ಜೀವ ಕಳೆದುಕೊಂಡರು. ಹೊಸಬರ ಜಾಗ ಕೆಳಗಿನ ಗಾಲ್ಫ್ ಮೈದಾನದ ಸುತ್ತಣ ಸಣ್ಣ ಏರು. ರೀಲ್ಸ್ ನೋಡಿ ಬಂದ ಹುಡುಗರು ನೇರ ಮೇಲೆ ಹೋಗಬೇಕೆಂದು ಹಟ ಹಿಡಿಯುವುದನ್ನು ಕಂಡಾಗ ಬಹಳ ಸಂಕಟವಾಯಿತು.

ನಮಗೆ ಸಿಕ್ಕ ಗುರು ಟಂಗ್‌ಮಾರ್ಗ್ ಕಡೆಯವರು. ಬೇಸಿಗೆಯಲ್ಲಿ ಸೇಬಿನ ತೋಟ, ಚಳಿಗಾಲದಲ್ಲಿ ಸ್ಕೀ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು ಆರಿಫ್ ಖಾನ್ ತಮ್ಮ ಸೀಮೆಯವನು ಎಂದು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಮಾಸ್ತರರನ್ನು ಅವರು 'ಮಾಸ್ಟರ್‌ಜೀ' ಎಂದರೆ, ಮಾಸ್ತರರು ಅವರನ್ನು 'ಉಸ್ತಾದ್' ಎಂದರು. ಇಬ್ಬರದೂ ಪಾಠದ ಕಸುಬು.

ಮೊದಲ ದಿನ ಜಾರುವುದೇ ಇಲ್ಲ. ಮೊಣಕಾಲಿನ ಕೆಳಗೆಲ್ಲ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ ಬೂಟಿನಲ್ಲಿ ನಡೆಯುವುದು, ಬೂಟನ್ನು ಹಲಗೆಯ ಹಿಡಿಕೆಗೆ ಕೂರಿಸುವುದು ಬಿಡಿಸುವುದು. ಆಮೇಲೆ ಬೀಳುವುದು. ಹಿಂದಕ್ಕಲ್ಲ, ಪಕ್ಕಕ್ಕೆ, ಕೈ ಊರದೆ, ಕೋಲು ಮೈಗೆ ತಾಗದಂತೆ. ಬಿದ್ದವಳು ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿ ತಿರುಗಿಸಿಕೊಂಡು ಏಳಬೇಕು. ನೇರವಾಗಿಟ್ಟು ಎದ್ದರೆ ಎದ್ದ ಕ್ಷಣವೇ ಮತ್ತೆ ಹೊರಟಾಯಿತು. ಅಡ್ಡಡ್ಡ ಹೆಜ್ಜೆ ಇಟ್ಟು ಏರು ಹತ್ತಬೇಕು. ಹತ್ತಿ ಬೆವತವಳು ಕೊನೆಗೆ ಹಲಗೆಗಳ ಮೂತಿ ಕೂಡಿಸಿ, ಹಿಮ್ಮಡಿ ಅಗಲಿಸಿ, ಒಳ ಅಂಚಿನಿಂದ ಹಿಮ ಕೆರೆಯುತ್ತ ನಿಧಾನ ಇಳಿಯುವುದನ್ನು ಕಲಿತಳು. "ಕಾಲಿನ ಬೂಟು ನೋಡಬೇಡ ದೀದಿ, ಹೋಗಬೇಕಾದ ಜಾಗ ನೋಡು," ಎಂದು ಉಸ್ತಾದ್ ಹಿಂದಿಯಲ್ಲಿ ದಿನವಿಡೀ ಹೇಳಿದರು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಬಿದ್ದರೆ ಎಬ್ಬಿಸಲು ಓಡಿ ಬರದೆ, ಅವಳೇ ಏಳುವತನಕ ನಿಂತು ಕಾಯುತ್ತಿದ್ದರು. ಹಾಗೆ ಕಾಯಲು ಅರ್ಧ ಗಂಟೆಯ ಗಿರಾಕಿ ಬಿಡುವುದಿಲ್ಲ.

ಕೂಟದಲ್ಲಿ ನಾರ್ಡಿಕ್ ಓಟವನ್ನು ಕಂಡಾಗ ಅವಳಿಗೆ ಇನ್ನೊಂದು ಜ್ಞಾನೋದಯ. ಆಲ್ಪೈನ್ ಸ್ಕೀಯಲ್ಲಿ ಹಿಮ್ಮಡಿ ಹಲಗೆಗೆ ಬಿಗಿದಿರುತ್ತದೆ, ಇಳಿಜಾರೇ ಒಯ್ಯುತ್ತದೆ. ನಾರ್ಡಿಕ್‌ನಲ್ಲಿ ಹಿಮ್ಮಡಿ ಬಿಡುವಾಗಿ, ಸಪಾಟು ನೆಲದಲ್ಲೂ ಏರಿನಲ್ಲೂ ತನ್ನ ಕಸುವಿನಿಂದಲೇ ದೂಡಿಕೊಂಡು ಹೋಗಬೇಕು. ಗುರಿ ಮುಟ್ಟಿದವರು ಹಿಮದ ಮೇಲೆ ಹಾಗೇ ಒರಗಿ ಏದುಸಿರು ಬಿಡುತ್ತಿದ್ದರು. ಹಿಮವೇ ಬೀಳದ ನಾಡಿನಿಂದ ಬಂದು ಈ ಓಟದಲ್ಲಿ ಚಿನ್ನ ಗೆಲ್ಲುವುದು ಎಂಥ ಸಾಧನೆ ಎಂಬುದು ಪತ್ರಿಕೆಯ ಮೂರು ಸಾಲಿನಲ್ಲಿ ಅವಳಿಗೆ ತಿಳಿದಿರಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ.

ಇತ್ತ ಗಂಡ ಹೆಂಡಿರ ನಡುವೆ ಒಂದು ಜಗಳ. ಮರದ ಸ್ಲೆಡ್ಜಿನಲ್ಲಿ ಪ್ರವಾಸಿಯನ್ನು ಕೂರಿಸಿ ಹಗ್ಗ ಹಿಡಿದು ಎಳೆಯುವ ಪದ್ಧತಿ ಅಲ್ಲಿದೆ. ಮನುಷ್ಯ ಮನುಷ್ಯನನ್ನು ಎಳೆಯುವುದು ಮಾಸ್ತರರಿಗೆ ಸಹಿಸಲಾಗಲಿಲ್ಲ. ಅಮ್ಮಾರು ಮೊಣಕಾಲು ನೋವಿನವರು, ನೇರವಾಗಿ ಹೋಗಿ ಕೂತರು. "ನಿಮ್ಮ ತತ್ವ ಅವನ ಒಲಿ ಹಚ್ಚೂದಿಲ್ಲ. ನಾ ಕುಂತ್ರ ಇವತ್ತಿನ ರೊಟ್ಟಿ ಹುಟ್ಟತೈತಿ," ಎಂದರು. ದರ ಮೊದಲೇ ಮಾತಾಡಿ, ಕಡಿದಾದ ಏರು ಬಂದಾಗ ಇಳಿದು ಕೋಲೂರಿ ನಡೆದರು. ನಾನು ಅಮ್ಮಾರ ಕಡೆಗೆ. ಕೂತವರ ಘನತೆ ಇರುವುದು ದರದಲ್ಲಿ ಚೌಕಾಸಿ ಮಾಡದೆ ಇರುವುದರಲ್ಲಿ.

ಸಂಜೆ ಉಳಿದುಕೊಂಡ ಮನೆಯಲ್ಲಿ ಬುಖಾರಿ ಹೊತ್ತಿಸುತ್ತಿದ್ದರು. ತಗಡಿನ ಒಲೆ, ಸೌದೆಯ ಬೆಂಕಿ, ಹೊಗೆ ಕೊಳವೆಯಲ್ಲಿ ಹೊರಗೆ. ಎಲ್ಲರ ಒದ್ದೆ ಕಾಲುಚೀಲ ಅದರ ಸುತ್ತ. ಅಡುಗೆಯವರು ಹಾಖ್ ಸೊಪ್ಪನ್ನು ಸಾಸಿವೆ ಎಣ್ಣೆಯಲ್ಲಿ ಬೇಯಿಸಿ, ಮೊಸರಿನ ಗಸಿಯಲ್ಲಿ ತಾವರೆ ದಂಟು ಹಾಕಿ, ಅನ್ನದ ಜೊತೆ ತಂದಿಟ್ಟರು. ಮಾಂಸವಿಲ್ಲದ ಊಟ ಹೇಗಪ್ಪ ಎಂದು ಊರಲ್ಲಿ ಹೆದರಿಸಿದ್ದವರ ಮಾತು ಅಲ್ಲಿಗೆ ಸುಳ್ಳಾಯಿತು. ಅಮ್ಮಾರು ತಮ್ಮ ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ ತೆಗೆದರು. ಅಡುಗೆಯವರು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು, ಬುಖಾರಿಯ ಮೇಲಿಟ್ಟು ಬೆಚ್ಚಗೆ ಮಾಡಿ ಹಾಖ್‌ನ ರಸದಲ್ಲಿ ಅದ್ದಿ ತಿಂದರು. ಕಾಶ್ಮೀರದ ಮೆಣಸಿನಕಾಯಿಯೂ ಬ್ಯಾಡಗಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅವರು ತಮ್ಮ ಡಬ್ಬಿ ತಂದು ಪಕ್ಕಕ್ಕಿಟ್ಟರು. ಹಿಂದಿ ಸರಿಯಾಗಿ ಬಾರದ ಅಮ್ಮಾರೂ, ಕನ್ನಡ ಕೇಳಿಯೇ ಇರದ ಅವರೂ ಎರಡು ಪುಡಿಗಳನ್ನು ಅಂಗೈಯಲ್ಲಿ ಸುರುವಿಕೊಂಡು ಮೂಸಿ, ನೆಕ್ಕಿ, ತಲೆಯಾಡಿಸಿದರು. ಗುಲಾಬಿ ಬಣ್ಣದ ಉಪ್ಪಿನ ಚಹಾ ಮಾತ್ರ ಅಮ್ಮಾರ ಗಂಟಲಲ್ಲಿ ಇಳಿಯಲಿಲ್ಲ. ಮಾಸ್ತರರು ಎರಡು ಕಪ್ಪು ಕುಡಿದರು. ಉಸ್ತಾದ್ ತಮ್ಮ ಫೆರನ್ನಿನೊಳಗಿನ ಕಾಂಗ್ಡಿಯನ್ನು, ಬುಟ್ಟಿಯಲ್ಲಿ ಕೂರಿಸಿದ ಕೆಂಡದ ಮಡಕೆಯನ್ನು, ಹೊರಗೆ ತೆಗೆದು ಅಮ್ಮಾರ ಮೊಣಕಾಲ ಹತ್ತಿರ ಇಟ್ಟರು.

ಹೊರಡುವ ಮುನ್ನಾದಿನ ಆಕೆ ಗಾಲ್ಫ್ ಮೈದಾನದ ಏರಿನಿಂದ ಬುಡದತನಕ ಒಬ್ಬಳೇ ಇಳಿದಳು. ತಿರುವಿನಲ್ಲಿ ಬಿದ್ದು ಎದ್ದು, ಆದರೆ ಯಾರ ಹೆಗಲೂ ಹಿಡಿಯದೆ.

ಮುಂದಿನ ತಿಂಗಳು, ಏಪ್ರಿಲ್ 22ರಂದು, ಪಹಲ್ಗಾಮ್‌ನ ಬೈಸರನ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಪ್ರವಾಸಿಗರನ್ನು ಕಾಪಾಡಲು ಹೋದ ಸ್ಥಳೀಯ ಕುದುರೆಯವನೂ ಸತ್ತ. ಬೆಂಡಿಗೇರಿಯಲ್ಲಿ ಆ ರಾತ್ರಿ ಮಾಸ್ತರರ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಇನ್ನು ಆ ಕಡೆ ಬ್ಯಾಡ. ಆ ಭಯವನ್ನು ತಪ್ಪೆನ್ನಲಾರೆ. ಮನೆ ಮನುಷ್ಯರನ್ನು ಕಳೆದುಕೊಂಡವರ ಮುಂದೆ ಧೈರ್ಯದ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಉಸ್ತಾದ್ ಫೋನು ಮಾಡಿ ಅತ್ತರು. ಪ್ರವಾಸಿಗರಿಲ್ಲದೆ ರಸ್ತೆ ಖಾಲಿ ಎಂದರು, ಬನ್ನಿ ಎಂದು ಮಾತ್ರ ಕರೆಯಲಿಲ್ಲ.

ಜೂನ್ 6ರಂದು ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ರೈಲಿಗೆ ಚಾಲನೆ ಸಿಕ್ಕಿತು. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯ ಮೇಲೆ ಅದರ ದಾರಿ. ಮಾಸ್ತರರು ಮತ್ತೆ ನಕಾಶೆ ತೆಗೆದರು. ಮಗಳಿಗೆ ಈ ಸಲ ಪೂರ್ತಿ ತರಬೇತಿಯೇ ಬೇಕು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಸಂಸ್ಥೆ ಗುಲ್ಮಾರ್ಗ್‌ನಲ್ಲೇ ಇದೆ. ಅಮ್ಮಾರು ಇನ್ನೂ ಒಪ್ಪಿಲ್ಲ, ಒಲ್ಲೆ ಎಂದೂ ಅಂದಿಲ್ಲ. ಜನವರಿಯನ್ನು ನಂಬುವುದು ಬೇಡ, ಫೆಬ್ರವರಿಯ ಹಿಂದು ಮುಂದು ಹೋಗುವುದು, ತರಬೇತಿಗೆ ಅರ್ಜಿ ಬೇಗ ಹಾಕುವುದು, ವಾಪಸು ಟಿಕೆಟ್ ಮಾತ್ರ ಹಿಮ ಬಿದ್ದ ಸುದ್ದಿ ಬಂದ ಮೇಲೆ ತೆಗೆಯುವುದು ಎಂಬಲ್ಲಿಗೆ ಸದ್ಯದ ಮಾತು ನಿಂತಿದೆ.