ಟೀ ಟ್ರೀ ಎಣ್ಣೆಯೂ ನಮ್ಮ ಬೆಟ್ಟದ ಉಣುಗೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಈಚೆಗೆ ಕಂದುಬಣ್ಣದ ಪುಟ್ಟ ಸೀಸೆಯೊಂದು ಕಾಣಸಿಗುತ್ತಿದೆ. ಹಬ್ಬಕ್ಕೆ ಬಂದ ಮಕ್ಕಳು ತಂದಿಟ್ಟು ಹೋದ ಟೀ ಟ್ರೀ ಎಣ್ಣೆ. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ: "ಮೇಷ್ಟ್ರೇ, ಅಮ್ಮ ದರಗು ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋಗುತ್ತಾಳೆ. ಉಣುಗು ಕಚ್ಚದಂತೆ ಡೇಪಾ ಎಣ್ಣೆಯ ಬದಲು ಇದನ್ನು ಹಚ್ಚಿಕೊಂಡರೆ ಆಗದೇ? ಇದು ನೈಸರ್ಗಿಕವಲ್ಲವೇ?" ಪ್ರಶ್ನೆ ಅವನೊಬ್ಬನದಲ್ಲ, ಆದ್ದರಿಂದ ಉತ್ತರವನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ಕುಡಿಯುವ ಚಹಾಕ್ಕೂ ಈ ಮರಕ್ಕೂ ನಂಟಿಲ್ಲ. ಇದು ನಮ್ಮ ನೇರಳೆ, ಪೇರಲೆ, ಲವಂಗ, ನೀಲಗಿರಿಗಳ ಕುಟುಂಬಕ್ಕೆ ಸೇರಿದ್ದು. ಹುಟ್ಟೂರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್. ಅಲ್ಲಿಯ ಬುಂಜಲುಂಗ್ ಮೂಲನಿವಾಸಿಗಳು ಇದರ ಎಲೆಯನ್ನು ಜಜ್ಜಿ ಗಾಯಗಳಿಗೆ ಹಚ್ಚುತ್ತಿದ್ದರು. 1920ರ ದಶಕದಲ್ಲಿ ಆರ್ಥರ್ ಪೆನ್‌ಫೋಲ್ಡ್ ಎಂಬ ರಸಾಯನಶಾಸ್ತ್ರಜ್ಞರು ಈ ಎಣ್ಣೆಯ ರೋಗಾಣುನಾಶಕ ಗುಣವನ್ನು ಪ್ರಕಟಿಸಿದರು. ಎಲೆಗಳ ಮೂಲಕ ಹಬೆ ಹಾಯಿಸಿ ಎಣ್ಣೆ ಇಳಿಸುತ್ತಾರೆ. ಅದರ ಮುಖ್ಯ ಸತ್ವ ಟರ್ಪಿನೆನ್-4-ಆಲ್.

ಗುಣವಿಲ್ಲವೆಂದು ನಾನು ಹೇಳಲಾರೆ. 1990ರಲ್ಲಿ ಆಸ್ಟ್ರೇಲಿಯದಲ್ಲಿ 124 ಮಂದಿ ಮೊಡವೆ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಶೇಕಡಾ 5ರ ಟೀ ಟ್ರೀ ಎಣ್ಣೆಯ ಲೇಪವು ಬೆಂಜಾಯಿಲ್ ಪೆರಾಕ್ಸೈಡ್‌ಗಿಂತ ನಿಧಾನವಾಗಿಯಾದರೂ ಗುಣ ತೋರಿತು. ಉರಿ, ಒಣಗುವಿಕೆ ಕಡಿಮೆಯಿತ್ತು. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಗೆ ಬರುವ ಬೂಷ್ಟಿನ ಸೋಂಕಿಗೂ ಸ್ವಲ್ಪ ಉಪಶಮನ ಕೊಡುತ್ತದೆ.

ಆದರೆ ಹದ ತಿಳಿದಿರಬೇಕು. ಅಪ್ಪಟ ಎಣ್ಣೆಯನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು; ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಐದು ಹನಿ ಸಾಕು. ಮೊದಲು ಮುಂಗೈ ಒಳಭಾಗಕ್ಕೆ ಸವರಿ ಒಂದು ದಿನ ಕಾದು ನೋಡಬೇಕು. ಗಾಳಿ ಬೆಳಕು ತಾಗಿ ಹಳತಾದ ಎಣ್ಣೆ ಚರ್ಮಕ್ಕೆ ಇನ್ನಷ್ಟು ಒಗ್ಗದಂತಾಗುತ್ತದೆ. ಅದನ್ನು ಎಸೆಯುವುದೇ ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಗೆ ಹೋಗಕೂಡದು. ಸ್ವಲ್ಪವೇ ಕುಡಿದ ಮಕ್ಕಳು ಮಂಪರುಗಟ್ಟಿ ತೂರಾಡಿದ್ದುಂಟು. ಬೆಕ್ಕು ನಾಯಿಗಳಿಗೂ ಇದು ವಿಷ.

ಇನ್ನು ಉಣುಗಿನ ಮಾತು. ನಮ್ಮ ಜಿಲ್ಲೆಗೆ ಇದು ಲಘುವಾದ ವಿಷಯವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಹಲವರನ್ನು ಕಳೆದುಕೊಂಡಿತು. ಹಿಂದಿನ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ರೋಗ ಹಬ್ಬಿಸುವ ಮರಿ ಉಣುಗುಗಳು ಹೆಚ್ಚುವ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ. ನಾವು ದರಗು ಗುಡಿಸುವ ಕಾಲವೂ ಅದೇ.

ಟೀ ಟ್ರೀ ಎಣ್ಣೆಯನ್ನು ಬೇರೆ ಜಾತಿಯ ಉಣ್ಣೆಗಳ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ. ಗಾಜಿನ ತಟ್ಟೆಯಲ್ಲಿ ಆದ ಪರಿಣಾಮವೇ ಬೇರೆ, ಮುಂಜಾನೆಯಿಂದ ಮಧ್ಯಾಹ್ನದ ತನಕ ಬೆಟ್ಟದಲ್ಲಿ ಬೆವರುವವಳ ಕಾಲಿನ ಮೇಲೆ ಆಗಬೇಕಾದದ್ದೇ ಬೇರೆ. ಇಂಥ ಸುಗಂಧ ತೈಲಗಳು ಬೇಗನೆ ಆವಿಯಾಗಿಬಿಡುತ್ತವೆ. ಘಮ ಹೋದ ಮೇಲೆ ಕಾವಲೂ ಹೋಯಿತು. ಡೇಪಾ ಉಣ್ಣೆ, ಸೊಳ್ಳೆಗಳನ್ನು ದೂರವಿಡಲೆಂದೇ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಆರೋಗ್ಯ ಇಲಾಖೆ ಅದನ್ನು ಉಚಿತವಾಗಿ ಹಂಚುತ್ತದೆ. ವಾಸನೆ ಹಿತವಲ್ಲ, ಜಿಡ್ಡು ಅಂಟುತ್ತದೆ, ನಿಜ. ಆದರೆ ನೈಸರ್ಗಿಕವೆಂಬ ಒಂದೇ ಮಾತಿಗೆ ಒಲಿಯುವುದಾದರೆ ಉಣುಗೂ ನೈಸರ್ಗಿಕವೇ, ರೋಗವೂ ನೈಸರ್ಗಿಕವೇ.

ಆದಕಾರಣ ಊರಿನಲ್ಲಿ ತಂದೆತಾಯಿಯರಿರುವ ನನ್ನ ವಿದ್ಯಾರ್ಥಿಗಳೆಲ್ಲರಲ್ಲಿ ವಿನಂತಿ: ಸೀಸೆ ಕಳಿಸುವುದಾದರೆ ಕಳಿಸಿ, ಮೊಡವೆಗೆ, ಬೆರಳ ಸಂದಿಗೆ ಇರಲಿ. ಬೆಟ್ಟಕ್ಕೆ ಹೊರಡುವಾಗ ಮಾತ್ರ ಕೈಕಾಲಿಗೆ ಡೇಪಾ, ಮೈತುಂಬ ಬಟ್ಟೆ; ಮರಳಿದೊಡನೆ ಬಿಸಿನೀರು, ಸಾಬೂನಿನ ಸ್ನಾನ, ಉಟ್ಟ ಬಟ್ಟೆ ಬಿಸಿನೀರಿಗೆ. ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳುವಂತೆ ಫೋನಿನಲ್ಲಿ ನೆನಪಿಸಿ. ನೀವು ಹೇಳಿದರೆ ಅವರು ಕೇಳುತ್ತಾರೆ.