ನೋಟದ ಕಿಂಡಿಯೂ ಚಲಿಸುವ ಚಿತ್ರವೂ

ವಿದ್ಯಾಸಂಸ್ಥೆಯೊಂದರ ಚರಿತ್ರೆಯು ಅದರ ದಾಖಲೆ ಪುಸ್ತಕಗಳಲ್ಲಿ ಇರುವಂತೆಯೇ ಅದರ ಛಾಯಾಚಿತ್ರಗಳಲ್ಲಿಯೂ ಅಡಗಿರುತ್ತದೆ. ಶ್ರೀಮಠದ ಆಶ್ರಯದಲ್ಲಿ ಬೆಳೆದ ನಮ್ಮ ಶಾಲೆಯ ಬಸವ ಜಯಂತಿ, ಶಿವಾನುಭವ ಗೋಷ್ಠಿ, ವಾರ್ಷಿಕೋತ್ಸವಗಳ ಚಿತ್ರಗಳನ್ನು ತೆಗೆಯುವ ಕಾಯಕವು ಚಿತ್ರಕಲಾ ಶಿಕ್ಷಕನಾದ ನನ್ನ ಪಾಲಿಗೆ ಬಂದು ಅನೇಕ ವರ್ಷಗಳಾದುವು. ಈಗ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಹೊಸ ಡಿಜಿಟಲ್ ಕ್ಯಾಮೆರಾವೊಂದನ್ನು ಕೊಡಿಸಲು ಮುಂದೆ ಬಂದಿದ್ದಾರೆ. ಈ ಸಂದರ್ಭದಲ್ಲಿ ಆ ಸಾಧನದ ಎರಡು ಅಂಗಗಳನ್ನು, ಎಂದರೆ ಕಣ್ಣಿಟ್ಟು ನೋಡುವ ಕಿಂಡಿಯನ್ನೂ ವಿಡಿಯೋ ಸೌಲಭ್ಯವನ್ನೂ ಕುರಿತು ಅನುಭವಕ್ಕೆ ಬಂದ ಕೆಲವು ಮಾತುಗಳನ್ನು ನಿವೇದಿಸುವುದು ಉಚಿತವೆಂದು ಭಾವಿಸುತ್ತೇನೆ.

ವ್ಯೂಫೈಂಡರ್ ಎಂದು ಕರೆಯುವ ಈ ಕಿಂಡಿಯು ಚಿತ್ರದ ಎಲ್ಲೆಯನ್ನು ನಿರ್ಣಯಿಸುವ ಸ್ಥಳ. ಏನನ್ನು ಒಳಗೆ ಕರೆಯಬೇಕು, ಏನನ್ನು ಹೊರಗೆ ನಿಲ್ಲಿಸಬೇಕು ಎಂಬ ವಿವೇಚನೆ ಅಲ್ಲಿಯೇ ನಡೆಯತಕ್ಕದ್ದು. ಒಂದು ಕಾಲಕ್ಕೆ ನಮ್ಮಲ್ಲಿ ಮನೆಮಾತಾಗಿದ್ದ ಆಗ್ಫಾ ಕ್ಲಿಕ್-3 ಕ್ಯಾಮೆರಾದಲ್ಲಿ ಈ ಕಿಂಡಿಯು ಮಸೂರದಿಂದ ಬೇರೆಯಾಗಿ ಮೇಲ್ಗಡೆ ಇರುತ್ತಿತ್ತು. ದೂರದ ಗುಂಪಿಗೆ ಅದು ಸಾಕಾಗುತ್ತಿತ್ತು. ಹತ್ತಿರದ ವಸ್ತುವನ್ನು ನೋಡಿದಾಗ ಮಾತ್ರ ಕಣ್ಣು ಕಂಡದ್ದೇ ಒಂದು, ಫಿಲ್ಮಿನ ಮೇಲೆ ಬಿದ್ದದ್ದೇ ಒಂದು ಆಗುತ್ತಿತ್ತು. ಎಸ್‌ಎಲ್‌ಆರ್ ಕ್ಯಾಮೆರಾ ಈ ಕೊರತೆಯನ್ನು ನೀಗಿಸಿತು. ಅದರಲ್ಲಿ ಮಸೂರದಿಂದ ಬಂದ ಬೆಳಕನ್ನೇ ಓರೆಯಾಗಿಟ್ಟ ಕನ್ನಡಿಯು ಮೇಲಕ್ಕೆ ಕಳುಹಿಸುತ್ತದೆ. ಅಲ್ಲಿರುವ ಗಾಜಿನ ಪಟ್ಟಕವು ಅದನ್ನು ನೆಟ್ಟಗೆ ಮಾಡಿ ಕಣ್ಣಿಗೆ ಒಪ್ಪಿಸುತ್ತದೆ.

2008ರ ಆಗಸ್ಟ್ ತಿಂಗಳಿನಲ್ಲಿ ನಿಕಾನ್ ಸಂಸ್ಥೆಯು ಪ್ರಕಟಿಸಿದ ಡಿ-90, ಇಂಥ ಕನ್ನಡಿಯುಳ್ಳ ಡಿಜಿಟಲ್ ಕ್ಯಾಮೆರಾಗಳಲ್ಲಿ ವಿಡಿಯೋ ತೆಗೆಯಬಲ್ಲ ಮೊದಲನೆಯದು. ಸೆಕೆಂಡಿಗೆ 24 ಚಿತ್ರಗಳಂತೆ 720 ಗೆರೆಗಳ ದೃಶ್ಯವನ್ನು ಅದು ದಾಖಲಿಸುತ್ತಿತ್ತು. ಮರುತಿಂಗಳೇ ಪ್ರಕಟವಾದ ಕ್ಯಾನನ್ 5ಡಿ ಮಾರ್ಕ್-2 ಇದನ್ನು 1080 ಗೆರೆಗಳಿಗೆ ಏರಿಸಿತು. ಆದರೆ ಇಲ್ಲಿಯೇ ಒಂದು ಇಕ್ಕಟ್ಟು ಒದಗಿತು. ಬೆಳಕು ಸಂವೇದಕ ಫಲಕಕ್ಕೆ ಎಡೆಬಿಡದೆ ತಲಪಬೇಕಾದರೆ ಕನ್ನಡಿಯು ಮೇಲೆದ್ದೇ ನಿಲ್ಲಬೇಕು. ಕನ್ನಡಿ ಎದ್ದೊಡನೆ ಕಿಂಡಿಯಲ್ಲಿ ಕತ್ತಲೆ. ಆಗ ಬೆನ್ನಿನ ಪರದೆಯನ್ನು ನೋಡುತ್ತಲೇ ಚಿತ್ರೀಕರಿಸಬೇಕು. ವೈಶಾಖದ ಬಿಸಿಲಿನಲ್ಲಿ ನಡೆಯುವ ಬಸವ ಜಯಂತಿಯ ಮೆರವಣಿಗೆಯಲ್ಲಿ ಆ ಪರದೆಯ ಮೇಲೆ ನಮ್ಮ ಮುಖದ ನೆರಳಲ್ಲದೆ ಬೇರೇನೂ ಸರಿಯಾಗಿ ಕಾಣದು. ಮೇಲಾಗಿ, ಕಿಂಡಿಗೆ ಕಣ್ಣಿಟ್ಟಾಗ ಹುಬ್ಬು, ಪಕ್ಕೆಗೊತ್ತಿದ ಮೊಳಕೈಗಳು ಕ್ಯಾಮೆರಾಕ್ಕೆ ಆಧಾರವಾಗುತ್ತವೆ; ಪರದೆಯನ್ನು ನೋಡಲು ಕೈ ಚಾಚಿದರೆ ಆ ಆಧಾರ ತಪ್ಪಿ ಚಿತ್ರವು ನಡುಗುತ್ತದೆ.

ಹಾಗಾದರೆ ಛಾಯಾಚಿತ್ರದ ಕ್ಯಾಮೆರಾಕ್ಕೆ ವಿಡಿಯೋ ಎಂಬ ಅಲಂಕಾರವೇಕೆ ಎಂದು ಕೆಲವು ಸಹೋದ್ಯೋಗಿ ಮಿತ್ರರು ಕೇಳುವುದುಂಟು. ಅವರಿಗೆ ನಾನು ನಮ್ಮ ನಿವೃತ್ತ ಸಂಗೀತ ಶಿಕ್ಷಕರ ಉದಾಹರಣೆಯನ್ನು ಹೇಳುತ್ತೇನೆ. 2011ರ ಜಯಂತಿಯಂದು ಅವರು ವಚನ ಹಾಡಿದಾಗ ನಾನು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿರಿಸಿ, ಹಿಂದಿನ ಸ್ಟುಡಿಯೋದವರಂತೆ ತಲೆಯನ್ನೂ ಪರದೆಯನ್ನೂ ಕಪ್ಪು ಬಟ್ಟೆಯಿಂದ ಮುಚ್ಚಿಕೊಂಡು ಆ ಹಾಡನ್ನು ದಾಖಲಿಸಿದೆ. ಮರುವರ್ಷ ಅವರು ಲಿಂಗೈಕ್ಯರಾದರು. ಅವರ ಛಾಯಾಚಿತ್ರವು ಪ್ರಾರ್ಥನಾ ಮಂದಿರದಲ್ಲಿದೆ. ತಂಬೂರಿ, ಅರೆಮುಚ್ಚಿದ ಕಣ್ಣು, ಹಣೆಯ ವಿಭೂತಿ ಎಲ್ಲವೂ ಅದರಲ್ಲಿವೆ. ಆದರೆ ಅವರನ್ನು ಎಂದೂ ಕಾಣದ ಇಂದಿನ ಮಕ್ಕಳು ಪದಪದಗಳ ನಡುವೆ ಎಲ್ಲಿ ಉಸಿರು ನಿಲ್ಲಿಸಬೇಕೆಂಬುದನ್ನು ಕಲಿಯುತ್ತಿರುವುದು ಆ ನಾಲ್ಕು ನಿಮಿಷಗಳ ವಿಡಿಯೋದಿಂದ. ಅದನ್ನು ಅಲಂಕಾರವೆನ್ನಲು ನನಗೆ ನಾಲಗೆ ಏಳದು.

ಕನ್ನಡಿಯನ್ನೇ ತೆಗೆದುಹಾಕಿದ ಕ್ಯಾಮೆರಾಗಳು ಈ ಇಕ್ಕಟ್ಟಿಗೆ ಪರಿಹಾರ ತಂದುವು. 2009ರಲ್ಲಿ ಬಂದ ಪ್ಯಾನಾಸೋನಿಕ್ ಜಿಎಚ್-1ರ ಕಿಂಡಿಯೊಳಗೆ ಪುಟ್ಟದೊಂದು ವಿದ್ಯುನ್ಮಾನ ಪರದೆಯೇ ಇದ್ದುದರಿಂದ, ವಿಡಿಯೋ ತೆಗೆಯುವಾಗಲೂ ಕಣ್ಣನ್ನು ಅಲ್ಲಿಂದ ಕದಲಿಸಬೇಕಾಗಿರಲಿಲ್ಲ. ಬಿಸಿಲು ಎಷ್ಟೇ ಇರಲಿ, ಒಳಗಿನ ಚಿತ್ರವು ಸ್ಪಷ್ಟ. ಇದಕ್ಕೂ ತನ್ನದೇ ಮಿತಿಗಳುಂಟು: ಬ್ಯಾಟರಿಯು ಬೇಗ ಕರಗುತ್ತದೆ, ಮಬ್ಬು ಬೆಳಕಿನಲ್ಲಿ ಚಿತ್ರವು ಕಾಳುಕಾಳಾಗಿ ತೋರಬಹುದು. ಆದರೂ ನಿಂತ ಚಿತ್ರಕ್ಕೂ ಚಲಿಸುವ ಚಿತ್ರಕ್ಕೂ ಒಂದೇ ಕಿಂಡಿ ಒದಗುವುದು ಸಣ್ಣ ಅನುಕೂಲವಲ್ಲ.

ಕನ್ನಡಕ ಧರಿಸುವ ನನ್ನಂಥವರು ಗಮನಿಸಬೇಕಾದ ಸಂಗತಿ ಮತ್ತೊಂದು. ಕೆಲವು ಕಿಂಡಿಗಳಿಗೆ ಕಣ್ಣನ್ನು ತೀರ ಹತ್ತಿರ ಒತ್ತದಿದ್ದರೆ ಚಿತ್ರದ ನಾಲ್ಕು ಮೂಲೆಗಳು ಒಮ್ಮೆಗೇ ಕಾಣುವುದಿಲ್ಲ. ಕನ್ನಡಕವು ಅದಕ್ಕೆ ಅಡ್ಡಬರುತ್ತದೆ. ಅನೇಕ ಕ್ಯಾಮೆರಾಗಳಲ್ಲಿ ಕಿಂಡಿಯ ಪಕ್ಕದಲ್ಲಿ ಡಯಾಪ್ಟರ್ ಎಂಬ ಪುಟ್ಟ ಗಾಲಿಯಿದ್ದು, ಅದನ್ನು ತಿರುಗಿಸಿ ಕಿಂಡಿಯನ್ನು ನಮ್ಮ ದೃಷ್ಟಿಗೆ ಹೊಂದಿಸಿಕೊಳ್ಳಬಹುದು. ಒಂದೇ ಕ್ಯಾಮೆರಾವನ್ನು ಹಲವರು ಬಳಸುವ ಶಾಲೆಯಲ್ಲಿ, ಕೈ ಬದಲಾದಾಗಲೆಲ್ಲ ಈ ಗಾಲಿಯನ್ನು ಮೊದಲು ಸರಿಪಡಿಸಿಕೊಳ್ಳುವಂತೆ ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ಆದುದರಿಂದ ದಾನಿ ಮಹಾಶಯರಲ್ಲಿ ನನ್ನ ವಿನಮ್ರ ವಿಜ್ಞಾಪನೆ ಇಷ್ಟೆ. ಬೆಲೆಯ ಪಟ್ಟಿಯಲ್ಲಿ ಬರೆದಿರುವ ಗುಣಗಳನ್ನು ಎಣಿಸುವುದಕ್ಕೆ ಮೊದಲು ಕ್ಯಾಮೆರಾವನ್ನು ಅಂಗಡಿಯ ಬಾಗಿಲಾಚೆ ಬಿಸಿಲಿಗೆ ತನ್ನಿರಿ. ಕನ್ನಡಕ ಹಾಕಿದವರೊಬ್ಬರ ಕೈಗೆ ಕೊಡಿರಿ. ವಿಡಿಯೋ ಗುಂಡಿಯನ್ನು ಒತ್ತಿದ ಮೇಲೆಯೂ ಕಿಂಡಿಯಲ್ಲಿ ಬೆಳಕು ಉಳಿಯುವುದೇ ನೋಡಿರಿ. ಶಾಲೆಯ ಹಿರಿಯರು ಹಲವರು ಇಳಿವಯಸ್ಸಿನಲ್ಲಿದ್ದಾರೆ. ಅವರ ಮುಖವನ್ನೂ ದನಿಯನ್ನೂ ಮುಂದಿನ ಮಕ್ಕಳಿಗೆ ಉಳಿಸಿಕೊಡುವ ಕಾಯಕಕ್ಕೆ ತಕ್ಕ ಸಾಧನವು ಬೇಗನೆ ಒದಗಿಬರಲೆಂದು ಪ್ರಾರ್ಥಿಸುತ್ತೇನೆ.