ಬಾಗಿಲ ಬಳಿಯ ಹಳದಿ ಚೀಲ

ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳ ಹೊಣೆ ಅವಳದು. ಪ್ರತಿ 150 ಕೆಲಸಗಾರರಿಗೆ ಒಂದು ಪೆಟ್ಟಿಗೆ ಇರಬೇಕು, ಅದು ತರಬೇತಿ ಪಡೆದ ಒಬ್ಬರ ವಶದಲ್ಲಿದ್ದು ಕೆಲಸದ ವೇಳೆಯಲ್ಲೆಲ್ಲ ಕೈಗೆ ಸಿಗುವಂತಿರಬೇಕು ಎಂಬುದು 1948ರ ಕಾರ್ಖಾನೆಗಳ ಕಾಯಿದೆಯ 45ನೆಯ ಕಲಮಿನಿಂದ ನೆಲೆಗೊಂಡ ಪದ್ಧತಿ. ಹೊಲಿಗೆಯ ಸೂಜಿ ಬೆರಳಿಗೆ ಇಳಿದಾಗ, ಬಟ್ಟೆ ಕತ್ತರಿಸುವ ಅಲಗು ಅಂಗೈಯನ್ನು ಸೀಳಿದಾಗ, ಇಸ್ತ್ರಿಯ ಆವಿ ಮೊಣಕೈಯನ್ನು ಸುಟ್ಟಾಗ ಮೊದಲು ಓಡಿಬರುವವಳು ಅವಳೇ. ಯಾವ ಪೆಟ್ಟಿಗೆಯಲ್ಲಿ ಎಷ್ಟು ಸುರುಳಿ ಬ್ಯಾಂಡೇಜು ಉಳಿದಿದೆ, ಯಾವ ಮುಲಾಮಿನ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದನ್ನು ಪುಸ್ತಕ ತೆರೆಯದೆಯೇ ಹೇಳಬಲ್ಲಳು.

ಅವಳ ತಾಯಿ ಇರುವುದು ಸಿರುಮುಗೈಯಲ್ಲಿ. ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳ್ಯದ ಹತ್ತಿರ, ಭವಾನಿ ನದಿಯ ದಡದಲ್ಲಿ, ರೇಷ್ಮೆ ಸೀರೆಗೆ ಹೆಸರಾದ ನೇಕಾರರ ಊರು ಅದು. ಅಲ್ಲಿಯ ದೇವಾಂಗ ಮನೆಗಳಲ್ಲಿ ಇಂದಿಗೂ ಕನ್ನಡದ ಮಾತು ಕೇಳಿಸುತ್ತದೆ. ಕೊಯಮತ್ತೂರು ಸೀಮೆಗೂ ಕನ್ನಡಕ್ಕೂ ಇರುವ ನಂಟು ಹೊಸದಲ್ಲ. 1799ರವರೆಗೆ ಅದು ಮೈಸೂರಿನ ಆಳ್ವಿಕೆಯಲ್ಲಿತ್ತು. 1956ರವರೆಗೆ ನಮ್ಮ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿಗಳು ಸರಿದವು, ಮನೆಮಾತು ಉಳಿಯಿತು. ಆದರೆ ಅದು ನಾಲಿಗೆಯ ಮೇಲೆ ಮಾತ್ರ ಉಳಿಯಿತು. ತಾಯಿಯೂ ಮಗಳೂ ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ಇಬ್ಬರಿಗೂ ಬಾರದು.

ಕಳೆದ ವರ್ಷದ ಒಂದು ರಾತ್ರಿ ಎಂಟೂವರೆಗೆ ಅವಳ ಫೋನು ಮೊಳಗಿತು. ಕರೆ ಮಾಡಿದವರು ಊರಿನ ಪಕ್ಕದ ಮನೆಯ ತಮಿಳು ಹೆಂಗಸು. ಅವ್ವ ಬೆವರುತ್ತಿದ್ದಾಳೆ, ಕೈ ನಡುಗುತ್ತಿದೆ, ಮಾತು ಅಸಂಬದ್ಧವಾಗುತ್ತಿದೆ, 108ಕ್ಕೆ ಹೇಳಿದ್ದೇನೆ ಎಂದ ಆಕೆ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು: ‘ಅಕ್ಕ ಯಾವ ಯಾವ ಮಾತ್ರೆ ತಿನ್ನುತ್ತಾರೆ? ಗಾಡಿಯವರು ಕೇಳುತ್ತಾರಲ್ಲ.’

ಅವಳಿಗೆ ಉತ್ತರ ಹೊಳೆಯಲಿಲ್ಲ. ಸಕ್ಕರೆಗೆ ಒಂದು, ರಕ್ತದೊತ್ತಡಕ್ಕೆ ಒಂದು, ಬೆಳಗ್ಗೆ ಬಿಳಿಯದು, ರಾತ್ರಿ ಸಣ್ಣದು ಎನ್ನುವಷ್ಟು ಮಾತ್ರ ಗೊತ್ತಿತ್ತು. ನೂರಾರು ಜನರ ಗಾಯಕ್ಕೆ ಲೆಕ್ಕವಿಟ್ಟ ಹೆಣ್ಣು ಹೆತ್ತವಳ ಮಾತ್ರೆಯ ಹೆಸರನ್ನು ಎಂದೂ ಓದಿರಲಿಲ್ಲ. ಅವಿನಾಶಿ, ಅನ್ನೂರು ದಾಟಿ ಸಾಗುವ ಆ ರಾತ್ರಿಯ ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಆ ಒಂದು ಪ್ರಶ್ನೆಯೇ.

ಆಸ್ಪತ್ರೆಗೆ ತಲುಪುವ ವೇಳೆಗೆ ಅವ್ವನಿಗೆ ಗ್ಲೂಕೋಸ್ ಏರಿಸಿ ಪ್ರಜ್ಞೆ ತಿಳಿಯಾಗಿತ್ತು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ನೆರೆಯಾಕೆ ಪ್ಲಾಸ್ಟಿಕ್ ಕವರಿನಲ್ಲಿ ಬಾಚಿ ತಂದಿದ್ದ ಮಾತ್ರೆಯ ಪಟ್ಟಿಗಳನ್ನು ವೈದ್ಯರು ಮೇಜಿನ ಮೇಲೆ ಹರಡಿದರು. ಎರಡು ಬಣ್ಣದ, ಎರಡು ಹೆಸರಿನ ಎರಡು ಪಟ್ಟಿಗಳು. ಹಿಂಬದಿಯ ಸಣ್ಣ ಅಕ್ಷರದಲ್ಲಿದ್ದ ಔಷಧದ ಹೆಸರು ಮಾತ್ರ ಒಂದೇ. ಹಳೆಯ ಚೀಟಿಯದು ಮುಗಿಯುವ ಮೊದಲೇ ಹೊಸ ಚೀಟಿಯದು ಮನೆಗೆ ಬಂದಿತ್ತು. ಬೇರೆ ಬೇರೆ ಔಷಧಗಳೆಂದು ಭಾವಿಸಿದ ಅವ್ವ ಎರಡನ್ನೂ ನಿಷ್ಠೆಯಿಂದ ನುಂಗಿದ್ದಳು. ಅಂದು ಹಸಿವಿಲ್ಲವೆಂದು ಮಧ್ಯಾಹ್ನದ ಊಟವನ್ನೂ ಬಿಟ್ಟಿದ್ದಳು. ಆ ಬಗೆಯ ಔಷಧದ ಪ್ರಭಾವ ಮರುಕಳಿಸಬಹುದೆಂದು ವೈದ್ಯರು ಮರುದಿನ ಸಂಜೆಯವರೆಗೆ ಅವಳನ್ನು ಅಲ್ಲಿಯೇ ಉಳಿಸಿಕೊಂಡರು.

ನೆರೆಯಾಕೆ ಇನ್ನೊಂದು ಸಂಗತಿಯನ್ನು ಅಳುಕುತ್ತಲೇ ಹೇಳಿದರು. ಅವ್ವ ಏಳೂವರೆಗೇ ಅವರನ್ನು ಕರೆದು ‘ಸಂಕಟ ಆಗ್ತದೆ’ ಎಂದಿದ್ದಳಂತೆ. ಎಂದೂ ಅವರೊಡನೆ ಶುದ್ಧ ತಮಿಳಿನಲ್ಲಿ ಮಾತನಾಡುವ ಅವ್ವ, ಮೈಮೇಲಿನ ಹತೋಟಿ ತಪ್ಪುತ್ತಿದ್ದ ಆ ಹೊತ್ತಿನಲ್ಲಿ ಮನೆಮಾತಿಗೆ ಜಾರಿದ್ದಳು. ತಮಿಳಿನಲ್ಲಿ ಅದೇ ಪದ ‘ಸಂಗಡಂ’ ಆಗಿ ಕೇಳಿಸುತ್ತದೆ. ಅಲ್ಲಿ ಅದರ ಅರ್ಥ ಹೆಚ್ಚಾಗಿ ಮನಸ್ಸಿನ ಕಸಿವಿಸಿ, ಬೇಸರ. ಮಗಳನ್ನು ನೆನೆದು ನೊಂದಿದ್ದಾಳೆ ಎಂದುಕೊಂಡ ಆ ತಾಯಿ ಪಕ್ಕದಲ್ಲಿ ಕುಳಿತು ಮುಕ್ಕಾಲು ಗಂಟೆ ಸಮಾಧಾನ ಹೇಳಿದ್ದರು. ಅವ್ವ ಹೇಳಿದ್ದು ಹೊಟ್ಟೆಯೊಳಗೆ ಕುಸಿದು ಹೋಗುವಂಥ ಹಸಿವಿನ ಸಂಕಟವನ್ನು. ಸಕ್ಕರೆ ಇಳಿಯುವಾಗ ಬರುವ ಮೊದಲ ಸೂಚನೆಗಳಲ್ಲಿ ಅದೂ ಒಂದು. ಆಗಲೇ ಮೂರು ಚಮಚ ಸಕ್ಕರೆ ಬಾಯಿಗೆ ಬಿದ್ದಿದ್ದರೆ ಆ ರಾತ್ರಿಯ ಓಡಾಟವೇ ಬೇಕಾಗುತ್ತಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಆಕೆಯಿದ್ದುದರಿಂದಲೇ ಅವ್ವ ಉಳಿದದ್ದು.

ಮುಂದಿನ ಭಾನುವಾರ ಮಗಳು ಊರಿಗೆ ಬಂದು ತುರ್ತು ಚೀಲವೊಂದನ್ನು ಕಟ್ಟಲು ಕುಳಿತಳು. ಮೊದಲ ಕೆಲಸ ಕಳೆಯುವುದಾಗಿತ್ತು. ಅವಧಿ ಮೀರಿದ ಮಾತ್ರೆ, ಯಾವಾಗಲೋ ಅರ್ಧ ತಿಂದು ಬಿಟ್ಟ ಆ್ಯಂಟಿಬಯಾಟಿಕ್, ಬಾಯಿ ತೆರೆದ ಸಿರಪ್ಪು, ಯಾರೋ ಮಂಡಿನೋವಿಗೆಂದು ಕೊಟ್ಟ ಗುಳಿಗೆ ಎಲ್ಲವೂ ಬೇರೆಯಾದವು. ಉಳಿದವುಗಳನ್ನು ಒಯ್ದು ಒಬ್ಬರೇ ವೈದ್ಯರಿಗೆ ತೋರಿಸಿ, ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಬರೆಸಿಕೊಂಡಳು. ಎದೆನೋವು ಬಂದರೆ ಅಗಿಯಲು ಆಸ್ಪಿರಿನ್ ಇಡಬೇಕೇ ಎಂಬುದನ್ನೂ ತಾನೇ ತೀರ್ಮಾನಿಸದೆ ಅವರನ್ನೇ ಕೇಳಿದಳು.

ಬಳಿಕ ಒಂದೊಂದೇ ವಸ್ತು ಚೀಲ ಸೇರಿತು. ಒಂದು ವಾರಕ್ಕಾಗುವಷ್ಟು ಮಾತ್ರೆ, ಹೆಸರೂ ಅವಧಿಯೂ ಕಾಣುವಂತೆ ಮೂಲ ಪಟ್ಟಿಯಲ್ಲಿಯೇ; ಬಿಡಿಸಿ ಡಬ್ಬಿಗೆ ಹಾಕಿದ ಮಾತ್ರೆಗೆ ಹೆಸರಿಲ್ಲ. ಸಕ್ಕರೆ ಅಳೆಯುವ ಯಂತ್ರ, ಅದರ ಪಟ್ಟಿಗಳು, ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ. ಗ್ಲೂಕೋಸ್ ಪುಡಿ: ಎಚ್ಚರವಿದ್ದು ನುಂಗಬಲ್ಲವರಾದರೆ ಸುಮಾರು 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆಯಬೇಕು. ವಾಂತಿಭೇದಿಗೆ ಓಆರ್‌ಎಸ್ ಪೊಟ್ಟಣ: ದೊಡ್ಡದಾದರೆ ಪೂರ್ತಿ ಒಂದು ಲೀಟರು ನೀರಿಗೆ, ಅರ್ಧ ಲೋಟಕ್ಕಲ್ಲ. ಕೈಗವಸು, ಕತ್ತರಿ, ಥರ್ಮಾಮೀಟರು, ಟಾರ್ಚು, ಹಳೆಯ ಕನ್ನಡಕ, ಫೋನಿನ ಚಾರ್ಜರು, ಚಿಲ್ಲರೆ ನೋಟುಗಳಲ್ಲಿ ಐನೂರು ರೂಪಾಯಿ, ಆಧಾರ್ ಮತ್ತು ವಿಮೆಯ ಚೀಟಿಗಳ ನಕಲು.

ಗಾಯದ ಬಟ್ಟೆಯನ್ನು ಅವ್ವ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಐವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನೇಯ್ದ ಕೈ ಅದು. ‘ಇದೇನು ಬಟ್ಟೆ ಮಗಳೇ? ಹಾಸಿಗೂ ಹೊಕ್ಕಿಗೂ ಪರಿಚಯವೇ ಇಲ್ಲ’ ಎಂದಳು. ರಕ್ತ ಹೀರುವುದಕ್ಕೆ, ಗಾಳಿ ಆಡುವುದಕ್ಕೆ ಹಾಗೆ ಸಡಿಲವಾಗಿಯೇ ನೇಯುತ್ತಾರೆಂದು ಮಗಳು ವಿವರಿಸಿದಳು. ರಾಜಪಾಳ್ಯದ ಬಳಿಯ ಛತ್ರಪಟ್ಟಿಯಲ್ಲಿ ಈ ಬಟ್ಟೆ ನೇಯುವುದೇ ಊರಿನ ಕಸುಬು ಎಂದು ತಿಳಿದ ಮೇಲೆ ಅವ್ವ ಅದನ್ನು ಮಡಿಸಿ ಮರ್ಯಾದೆಯಿಂದ ಒಳಗಿಟ್ಟಳು.

ವಾದ ಎದ್ದದ್ದು ಅರಿಸಿನಕ್ಕೆ. ಚೌಡೇಶ್ವರಿಯ ಹಬ್ಬದಲ್ಲಿ ದೇವಾಂಗರ ಗಂಡಸರು ಕತ್ತಿಯಿಂದ ಮೈಮೇಲೆ ಹೊಡೆದುಕೊಂಡು ತಾಯಿಯನ್ನು ಕರೆತರುವುದುಂಟು. ಆ ಗಾಯಗಳಿಗೆ ಹಚ್ಚುವುದು ಭಂಡಾರ, ಅಂದರೆ ಅರಿಸಿನದ ಪುಡಿ. ಅದಿಲ್ಲದ ಔಷಧದ ಚೀಲ ಯಾವ ಸೀಮೆಯದು ಎಂಬುದು ಅವ್ವನ ಪ್ರಶ್ನೆ. ಗಾಯಕ್ಕೆ ಶುದ್ಧ ನೀರು ಹಾಕಿ ತೊಳೆದು ಒತ್ತಿ ಹಿಡಿಯಬೇಕು, ಸಕ್ಕರೆ ಕಾಯಿಲೆಯವರ ಗಾಯಕ್ಕೆ ಯಾವ ಪುಡಿಯೂ ಕೂಡದು ಎಂಬುದು ಮಗಳ ಹಟ. ಕೊನೆಗೆ ಭಂಡಾರದ ಪೊಟ್ಟಣ ಹಣೆಗಿಡಲೆಂದು ಹೊರಜೇಬಿಗೆ ಹೋಯಿತು. ಗಾಯಕ್ಕಲ್ಲ ಎಂಬ ಮಾತಿಗೆ ಅವ್ವ ಒಪ್ಪಿದಳು.

ಚೀಲದ ವಿಷಯದಲ್ಲಿ ಗೆದ್ದವಳು ಅವ್ವ. ಮಗಳು ತಂದ ಜಿಪ್ಪಿನ ಚೀಲವನ್ನು ಅವಳು ಒಲ್ಲೆನೆಂದಳು. ಮದುವೆಮನೆಗಳಲ್ಲಿ ತಾಂಬೂಲ ಹಾಕಿಕೊಡುವ ಹಳದಿ ಬಟ್ಟೆಯ ಚೀಲ, ತಮಿಳರ ‘ಮಂಜಪ್ಪೈ’, ಅವಳ ಆಯ್ಕೆ. ಪ್ಲಾಸ್ಟಿಕ್ಕನ್ನು ಹಿಮ್ಮೆಟ್ಟಿಸಲೆಂದು 2021ರಲ್ಲಿ ತಮಿಳುನಾಡು ಸರ್ಕಾರ ಮತ್ತೆ ಬಳಕೆಗೆ ಕರೆದದ್ದೂ ಅದನ್ನೇ. ‘ಹಳದಿ ಚೀಲ ತಾ ಅಂದರೆ ಬೀದಿಯ ಮಗುವಿಗೂ ತಿಳಿಯುತ್ತದೆ’ ಎಂಬ ಅವಳ ಮಾತಿಗೆ ಎದುರಿರಲಿಲ್ಲ. ಮನೆಯಲ್ಲಿ ಅಂಥವು ಹತ್ತಾರು ಇದ್ದುದರಿಂದ ಗುರುತಿಗೆಂದು ಹಿಡಿಗೆ ಕೆಂಪು ರೇಷ್ಮೆಯ ನೂಲನ್ನು ಸುತ್ತಿದರು. ಬಾಗಿಲ ಪಕ್ಕದ ಮೊಳೆಗೆ ಚೀಲ ತೂಗಿತು.

ಕೊನೆಗೆ ಉಳಿದದ್ದು ಒಂದು ಹಾಳೆ. ಅದಕ್ಕೆ ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಕಾಯಿಲೆಗಳು, ಔಷಧಗಳ ಮೂಲ ಹೆಸರು, ಪ್ರಮಾಣ, ಹೊತ್ತು, ಒಗ್ಗದ ಔಷಧ, ರಕ್ತದ ಗುಂಪು, ಆದ ಶಸ್ತ್ರಚಿಕಿತ್ಸೆ, ಇಬ್ಬರ ಫೋನ್ ಸಂಖ್ಯೆ, ಬರೆದ ದಿನಾಂಕ. ಇವನ್ನು ವೈದ್ಯರಿಗಾಗಿ ಇಂಗ್ಲಿಷಿನಲ್ಲಿ ಬರೆದಳು. ಯಾವ ಲಕ್ಷಣಕ್ಕೆ ಮೊದಲು ಏನು ಮಾಡಬೇಕೆಂಬುದನ್ನು ನೆರೆಯಾಕೆಗಾಗಿ ತಮಿಳಿನಲ್ಲಿ ಬರೆದಳು. ಅವ್ವನಿಗೆ? ಅವ್ವನ ಮಾತು ಕನ್ನಡ, ಅವ್ವ ಓದಬಲ್ಲ ಅಕ್ಷರ ತಮಿಳು. ಹೀಗಾಗಿ ಮೂರನೆಯ ಅಂಕಣದಲ್ಲಿ ಕನ್ನಡದ ಮಾತು ತಮಿಳು ಲಿಪಿಯನ್ನು ತೊಟ್ಟಿತು: ಬೆಳಗ್ಗೆ ತಿಂಡಿಗೆ ಮುಂಚೆ ಇದು, ಊಟ ಬಿಟ್ಟ ದಿನ ಇದನ್ನು ನುಂಗುವ ಮೊದಲು ಮಗಳಿಗೆ ಫೋನು. ಆ ಮನೆಯಲ್ಲಿ ಮನೆಮಾತು ಕಾಗದದ ಮೇಲೆ ಇಳಿದದ್ದು ಅದೇ ಮೊದಲು.

ಆಗ ಅವಳಿಗೆ ‘ಸಂಕಟ’ ನೆನಪಾಯಿತು. ಹಾಳೆಯ ಹಿಂಬದಿಯನ್ನು ತಿರುಗಿಸಿ, ಅವ್ವ ನೋವಿನಲ್ಲಿ ಆಡಬಹುದಾದ ಪದಗಳನ್ನೆಲ್ಲ ಕೇಳಿ ಬರೆದುಕೊಳ್ಳತೊಡಗಿದಳು. ಸಂಕಟ ಎಂದರೆ ಬೇಸರವಲ್ಲ, ಮೊದಲು ಸಕ್ಕರೆ ನೋಡಿ. ಉಬ್ಬಸ ಎಂದರೆ ಉಸಿರು ಕಟ್ಟುವುದು. ತಮಿಳಿನ ‘ಉಪ್ಪುಸಂ’ ಎಂದು ಕೇಳಿ ಹೊಟ್ಟೆಯುಬ್ಬರವೆಂದು ತಿಳಿಯಬೇಡಿ, ಇದಕ್ಕೆ ಗಾಡಿ ಬೇಕು. ಜೋಮು ಎಂದರೆ ಸ್ಪರ್ಶ ತಿಳಿಯದಿರುವುದು; ಒಂದೇ ಪಕ್ಕಕ್ಕೆ ಇದ್ದಕ್ಕಿದ್ದಂತೆ ಬಂದರೆ ಒಂದು ನಿಮಿಷವನ್ನೂ ಕಳೆಯಬೇಡಿ. ಕಣ್ಣು ಕತ್ತಲೆ, ತೊಳಸು, ಸೆಳೆತ ಹೀಗೆ ಪಟ್ಟಿ ಹನ್ನೊಂದು ಪದಗಳಿಗೆ ನಿಂತಿತು.

ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಈ ಹಾಳೆ ಒಂದು ಪರಿಚಿತ ಗ್ರಂಥವನ್ನು ನೆನಪಿಸೀತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕಿಟೆಲ್ಲರು ಕನ್ನಡ ಪದಗಳ ಜೊತೆಗೆ ತಮಿಳು, ತೆಲುಗು, ಮಲಯಾಳಗಳ ಸಮಾನ ರೂಪಗಳನ್ನೂ ಕೊಟ್ಟರು. ಜ್ಞಾತಿಪದಗಳೆಂದು ನಾವು ತರಗತಿಯಲ್ಲಿ ಓದುವುದು ಅವನ್ನೇ. ಒಂದೇ ಉಚ್ಚಾರದ ಪದಗಳು ಅರ್ಥದಲ್ಲಿ ಬೇರೆ ದಾರಿ ಹಿಡಿದಿರುತ್ತವೆ ಎಂಬುದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಆ ಹೊಸಿಲಿನ ಬಳಿ ಅದು ಒಂದು ಜೀವದ ಪ್ರಶ್ನೆಯಾಗಿತ್ತು. ದೂರದಲ್ಲಿರುವ ಮಗಳ ಬದಲಿಗೆ, ಮಾತು ತಪ್ಪಿದ ತಾಯಿಯ ಬದಲಿಗೆ ಮಾತನಾಡಬೇಕಾದದ್ದು ಆ ಹಾಳೆ. ಚೀಲದ ಉಳಿದೆಲ್ಲ ವಸ್ತುಗಳೂ ಅಂಗಡಿಯಲ್ಲಿ ಸಿಗುತ್ತವೆ, ಅದೊಂದು ಸಿಗುವುದಿಲ್ಲ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಚೀಲ ಮೊಳೆಯಿಂದ ಇಳಿಯುತ್ತದೆ. ಹಳೆಯ ಮಾತ್ರೆ ದಿನಬಳಕೆಗೆ ಹೋಗಿ ಹೊಸದು ಒಳಗೆ ಬರುತ್ತದೆ. ಚೀಟಿ ಬದಲಾದರೆ ಹಾಳೆಯೂ ಬದಲಾಗುತ್ತದೆ. ಮಳೆಗಾಲದ ಒಂದು ಸಂಜೆ ಅವ್ವ ಮತ್ತೆ ‘ಸಂಕಟ’ ಎಂದಳು. ನೆರೆಯಾಕೆ ಈ ಸಲ ಸಮಾಧಾನ ಹೇಳಲು ಕೂರಲಿಲ್ಲ. ಚೀಲ ಇಳಿಸಿ, ಅಳೆದು, ಗ್ಲೂಕೋಸ್ ಕಲಸಿ ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಅಳೆದು, ಊಟ ಮಾಡಿಸಿದ ಮೇಲೆ ತಿರುಪ್ಪೂರಿಗೆ ಫೋನು ಮಾಡಿದರು. ಮಗಳು ಬರಬೇಕಾಗಲಿಲ್ಲ.

ಮುಂದಿನ ಭಾನುವಾರ ಅವಳು ಬಂದಾಗ ಬಾಗಿಲ ಮೊಳೆಯಲ್ಲಿ ಎರಡು ಹಳದಿ ಚೀಲಗಳಿದ್ದವು. ಎರಡನೆಯದರಲ್ಲಿ ಒಂದು ಖಾಲಿ ಹಾಳೆಯೂ ಮಡಿಸಿದ ಔಷಧದ ಚೀಟಿಗಳೂ ಇದ್ದವು. ನೆರೆಯಾಕೆ ತನ್ನ ರಕ್ತದೊತ್ತಡದ ಮಾತ್ರೆಗಳನ್ನು ಮಡಿಲಲ್ಲಿಟ್ಟುಕೊಂಡು, ತನ್ನದನ್ನೂ ಬರೆದುಕೊಡೆಂದು ಕಾದು ಕುಳಿತಿದ್ದರು.